ಗೇಟಿನ ಹತ್ತಿರ ಯಾರೋ ಇದ್ದಾರೆ

ಬೆಳಗಿನ ಐದೂಕಾಲಕ್ಕೆ ಫೋನು ಹೊಡೆದುಕೊಂಡರೆ ನಮ್ಮ ವಯಸ್ಸಿನವರ ಎದೆ ಧಸಕ್ಕೆನ್ನುತ್ತದೆ. ಹೊತ್ತಲ್ಲದ ಹೊತ್ತಿನ ಫೋನು ಒಳ್ಳೆಯ ಸುದ್ದಿ ತರುವುದಿಲ್ಲವೆಂಬುದು ಟ್ರಂಕ್‌ಕಾಲಿನ ಕಾಲದಿಂದಲೂ ನಮ್ಮ ಮೈಗೆ ಅಂಟಿಕೊಂಡುಬಿಟ್ಟಿದೆ. 2024ರ ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಹಾಗೆಯೇ ಆಯಿತು. ಎದ್ದು ಕನ್ನಡಕ ತಡಕಾಡಿ ಫೋನು ಎತ್ತಿದರೆ ಮಗ.

“ಅಮ್ಮಾ, ಗೇಟಿನ ಹತ್ತಿರ ಯಾರೋ ಇದ್ದಾರೆ. ನೀನು ಹೊರಗೆ ಹೋಗಬೇಡ. ಅಪ್ಪನ್ನ ಎಬ್ಬಿಸು, ಲೈಟು ಹಾಕು, ಸಾಕು.”

ಮಗ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅವನಿಗಲ್ಲಿ ಹಿಂದಿನ ದಿನದ ಸಂಜೆ ಏಳೂಮುಕ್ಕಾಲು. ನಾನಿರುವುದು ಸಾಗರದಲ್ಲಿ, ಗಣಪತಿ ಕೆರೆಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಹಳೇ ಹಂಚಿನ ಮನೆಯಲ್ಲಿ. ಗೇಟಿನಿಂದ ಹತ್ತು ಮಾರು ಈಚೆ ಮಲಗಿದ್ದ ನನಗೆ ಗೇಟಿನಲ್ಲಿ ಯಾರಿದ್ದಾರೆಂದು ಗೊತ್ತಿಲ್ಲ. ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ ಇರುವ ಅವನಿಗೆ ಗೊತ್ತು. ಅಷ್ಟೇ ಅಲ್ಲ, ಅವನಿಗೆ ಗೊತ್ತಿರುವುದು ಸರಿಯೆಂದು ನಾನು ನಂಬಿದೆ. ಆ ನಂಬಿಕೆ ಹೇಗೆ ಬಂತು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಆ ವರ್ಷದ ಚೌತಿಗೆ ಮಗ ಬಂದಿದ್ದ. ಬಂದವನು ಎರಡು ಕ್ಯಾಮೆರಾ ತಂದಿದ್ದ. ಒಂದನ್ನು ಮುಂದಿನ ಜಗಲಿಯ ಮಾಡಿನ ಕೆಳಗೆ ಗೇಟಿನ ಕಡೆಗೆ ಮುಖ ಮಾಡಿ, ಇನ್ನೊಂದನ್ನು ಹಿಂದುಗಡೆ ಬಾವಿಕಟ್ಟೆಯ ಕಡೆಗೆ ಹಾಕಿಸಿದ. ನಮ್ಮ ಕಡೆ ಅಡಕೆ ಕೊಯ್ಲಿನ ದಿನಗಳಲ್ಲಿ ಕಳವಿನ ಸುದ್ದಿ ಹುಟ್ಟುವುದು ವಾಡಿಕೆ. ನಮ್ಮಲ್ಲಿ ಅಡಕೆಯೂ ಇಲ್ಲ, ಕದಿಯುವಂಥ ಬಂಗಾರವೂ ಇಲ್ಲ. “ಎರಡು ಮುದಿ ಜೀವ ಇದೆಯಲ್ಲಮ್ಮ” ಎಂದ. ಇವರು ಬ್ಯಾಂಕಿನಿಂದ ನಿವೃತ್ತರಾಗಿ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿ, ಇಬ್ಬರಿಗೂ ಹೊತ್ತು ಹೋಗುವುದು ಹೇಗೆಂಬ ಚಿಂತೆಯಿತ್ತು. ಕ್ಯಾಮೆರಾ ಅದನ್ನು ಪರಿಹರಿಸಿತು ನೋಡಿ.

ಮೊದಲ ರಾತ್ರಿ ಫೋನು ನಲವತ್ತೇಳು ಸಲ ಕಿಣಿಕಿಣಿ ಅಂದಿತು. ನಾನು ಟೀಚರಲ್ಲವೇ, ಬೆಳಗಾದ ಮೇಲೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೊಂದನ್ನೇ ತೆಗೆದು ನೋಡಿ ಬರೆದೆ. ಹುಳ ಇಪ್ಪತ್ತೊಂದು. ಮಳೆ ಒಂಬತ್ತು. ತಿರುವಿನಲ್ಲಿ ಹೊರಳಿದ ವಾಹನದ ದೀಪ ಎಂಟು. ಜೇಡ ಆರು, ಒಂದೇ ಜೇಡ, ಆರು ಸಲ. ತಂತಿಯ ಮೇಲೆ ಮರೆತುಬಿಟ್ಟಿದ್ದ ನನ್ನದೇ ಹತ್ತಿ ಸೀರೆ ಎರಡು ಸಲ, ಅದನ್ನು ನೋಡಿ ನಾನೇ ಒಂದು ಕ್ಷಣ ಹೆದರಿದೆ. ಪಕ್ಕದ ಮನೆಯ ಬೆಕ್ಕು ಒಂದು ಸಲ. ಕಳ್ಳ ಸೊನ್ನೆ.

ಇದೇಕೆ ಹೀಗೆಂದು ನೋಡಿದರೆ ಕಾರಣ ಬಹಳ ಸರಳ. ಕ್ಯಾಮೆರಾ ನಮ್ಮ ಹಾಗೆ ವಸ್ತುಗಳನ್ನು ನೋಡುವುದಿಲ್ಲ. ಅದು ಈ ಕ್ಷಣದ ಚಿತ್ರವನ್ನು ಹಿಂದಿನ ಕ್ಷಣದ ಚಿತ್ರದ ಪಕ್ಕದಲ್ಲಿಟ್ಟು, ಎಷ್ಟು ಚುಕ್ಕೆಗಳು ಬದಲಾದವೆಂದು ಎಣಿಸುತ್ತದೆ. ಇಷ್ಟಕ್ಕಿಂತ ಹೆಚ್ಚು ಬದಲಾದರೆ ಕೂಗು ಎಂದು ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಕತ್ತಲಲ್ಲಿ ನೋಡಲಿಕ್ಕೆ ಅದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಚೆಲ್ಲುತ್ತದೆ. ಆ ಬೆಳಕಿನಲ್ಲಿ, ಕ್ಯಾಮೆರಾದ ಮೂತಿಗೆ ತಾಗಿ ಹಾರುವ ಸಾಸಿವೆಯಷ್ಟು ಹುಳ ಕೊಕ್ಕರೆಯಷ್ಟು ದೊಡ್ಡದಾಗಿ ಬೆಳ್ಳಗೆ ಕಾಣುತ್ತದೆ. ಸಾಗರದ ಮಳೆಯ ಎಳೆಗಳೋ, ಬೆಳ್ಳಿ ಸರಿಗೆ ಎಳೆದ ಹಾಗೆ. ಪಾಪ, ಅದು ಸುಳ್ಳು ಹೇಳುತ್ತಿರಲಿಲ್ಲ. ಏನೋ ಅಲ್ಲಾಡಿತು ಎಂದಷ್ಟೇ ಹೇಳುತ್ತಿತ್ತು. ಅಲ್ಲಾಡಿದ್ದೆಲ್ಲ ಅಪಾಯವೆಂದು ತಿಳಿದದ್ದು ನಾವು.

ಆಮೇಲೆ ಒಂದು ತಿಂಗಳು ನಾನೂ ಮಗನೂ ಸೇರಿ ಇದನ್ನು ಪಳಗಿಸಿದೆವು. ಅವನು ಅಲ್ಲಿಂದ ಹೇಳುವುದು, ನಾನು ಇಲ್ಲಿ ಮಾಡುವುದು. ಕೋಲಿನ ತುದಿಗೆ ಹಳೆ ಬನಿಯನ್ನು ಸುತ್ತಿ ವಾರಕ್ಕೊಮ್ಮೆ ಜೇಡರಬಲೆ ತೆಗೆದೆ. ಕ್ಯಾಮೆರಾದ ಅವಕೆಂಪು ದೀಪ ಆರಿಸಿ, ಅದರಿಂದ ದೂರಕ್ಕೆ ಗೇಟಿನ ಕಂಬದ ಮೇಲೆ ಒಂದು ಸಣ್ಣ ಬಲ್ಬು ಹಾಕಿಸಿದೆವು. ಹುಳಗಳೆಲ್ಲ ಅಲ್ಲಿಗೆ ಹೋದವು. ರಸ್ತೆ ಕಾಣದ ಹಾಗೆ ಅದರ ತಲೆಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿದೆವು. ಫೋನಿನ ತೆರೆಯ ಮೇಲೆ ಬೆರಳಿನಿಂದ ಚೌಕ ಬರೆದರೆ, ಆ ಚೌಕದೊಳಗೆ ನಡೆದದ್ದಕ್ಕೆ ಮಾತ್ರ ಅದು ಕೂಗುತ್ತದೆ. ರಂಗೋಲಿಯ ಹೊರಗೆರೆ ಎಳೆದ ಹಾಗೆ ಗೇಟಿನಿಂದ ತುಳಸಿಕಟ್ಟೆಯವರೆಗೆ ಎಳೆದೆ. ಎದುರುಮನೆಯ ಜಗಲಿಯನ್ನು ಬೇಕೆಂದೇ ಹೊರಗೆ ಬಿಟ್ಟೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತಲ್ಲ, ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಆದರೆ ನಾನು ಜಗಲಿಯನ್ನು ಬಿಟ್ಟದ್ದು ಕೋರ್ಟಿಗೆ ಹೆದರಿ ಅಲ್ಲ. ಎದುರುಮನೆಯ ಅಕ್ಕ ಅಲ್ಲಿ ಕೂತು ತಲೆ ಬಾಚಿಕೊಳ್ಳುತ್ತಾರೆ. ಅದನ್ನು ನ್ಯೂಜೆರ್ಸಿಯವರು ನೋಡಬೇಕೇ?

ಕಡೆಗೆ “ಮನುಷ್ಯರು ಮಾತ್ರ” ಎಂಬ ಆಯ್ಕೆಯನ್ನು ಒತ್ತಿದೆವು. ಸಾವಿರಾರು ಚಿತ್ರಗಳನ್ನು ತೋರಿಸಿ ಮನುಷ್ಯನ ಆಕಾರ ಹೇಗಿರುತ್ತದೆಂದು ಕಲಿಸಿದ ಯಂತ್ರವಂತೆ. ಕಲಿತದ್ದು ನಿಂತು ನಡೆಯುವ ಮನುಷ್ಯರನ್ನೇ ಹೆಚ್ಚಾಗಿ ಎಂದು ತೋರುತ್ತದೆ. ಬಗ್ಗಿ ಅಂಗಳ ಗುಡಿಸುವ ನನ್ನನ್ನು ಅದು ಎಷ್ಟೋ ಸಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೊಳೆಗೆ ನೇತುಹಾಕಿದ ಇವರ ಮಳೆಕೋಟನ್ನು ಮಾತ್ರ ಎರಡು ಸಲ ಮನುಷ್ಯನೆಂದು ಮರ್ಯಾದೆ ಕೊಟ್ಟು ಕೂಗಿತು. ಇವರಿಗೆ ಅದರಿಂದ ಒಳಗೊಳಗೇ ಖುಷಿ.

ಅಂತೂ ನಲವತ್ತೇಳು ಇದ್ದದ್ದು ದಿನಕ್ಕೆ ಎರಡೋ ಮೂರೋ ಆಯಿತು. ನಾವು ಗೆದ್ದೆವು ಎಂದುಕೊಂಡೆವು. ಆಗಲೇ ಬಂದದ್ದು ಐದೂಕಾಲಿನ ಆ ಫೋನು.

ಈಗ ಯೋಚಿಸಿದರೆ ಅನ್ನಿಸುತ್ತದೆ, ನಲವತ್ತೇಳರ ನಡುವೆ ಆ ಒಂದು ಚಿತ್ರ ಬಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಸವನ್ನೆಲ್ಲ ತೆಗೆದು ಸ್ವಚ್ಛ ಮಾಡಿಟ್ಟಿದ್ದೆವಲ್ಲ, ಉಳಿದ ಒಂದಕ್ಕೆ ವೇದವಾಕ್ಯದ ತೂಕ ಬಂದುಬಿಟ್ಟಿತ್ತು. ಚಿತ್ರದಲ್ಲಿ ಗೇಟಿನ ಒಳಗೆ, ಪಾರಿಜಾತದ ಮರದ ಬುಡದಲ್ಲಿ, ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಒಂದು ಆಕೃತಿ ಆಗತಾನೇ ಎದ್ದು ನಿಂತಿತ್ತು. ಮುಖ ಕಾಣುತ್ತಿರಲಿಲ್ಲ. ಕೈಯಲ್ಲಿ ಏನೋ ಇತ್ತು. ಇವರು ಎದ್ದು ಲೈಟು ಹಾಕಿ “ಯಾರದು?” ಎಂದು ಕೂಗಿದಾಗ ಗೇಟಿನ ಚಿಲಕದ ಸದ್ದಾಯಿತು. ನಾವು ಹೊರಗೆ ಬರುವ ಹೊತ್ತಿಗೆ ಯಾರೂ ಇರಲಿಲ್ಲ. ನೆಲದ ಮೇಲೆ ಪಾರಿಜಾತದ ಹೂ ಅರ್ಧ ಜಾಗದಲ್ಲಿ ಹಾಸಿದ ಹಾಗಿತ್ತು, ಇನ್ನರ್ಧ ಆಯ್ದುಕೊಂಡ ಹಾಗೆ ಬರಿದಾಗಿತ್ತು. ನಾನು ಅದನ್ನು ನೋಡಿದೆ. ನೋಡಿದ್ದೂ ತಲೆಗೆ ಹೋಗಲಿಲ್ಲ.

ಅಷ್ಟರಲ್ಲಿ ಮಗ ಆ ಚಿತ್ರವನ್ನು ನಮ್ಮ ರಸ್ತೆಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದ. “ಬೆಳಗಿನ ಜಾವ ನಮ್ಮ ಕಾಂಪೌಂಡಿನೊಳಗೆ. ಯಾರಿಗಾದರೂ ಗೊತ್ತೇ? ಎಚ್ಚರವಿರಲಿ.” ಅವನ ಭಯ ನಿಜವಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ದೂರದಲ್ಲಿರುವ ಮಕ್ಕಳಿಗೆ ಅಪ್ಪ ಅಮ್ಮನ ವಿಷಯದಲ್ಲಿ ಕೈಲಾಗುವುದು ಬಹಳ ಕಡಿಮೆ. ಕೈಲಾದದ್ದನ್ನು ತಡಮಾಡದೆ ಮಾಡುತ್ತಾರೆ. ನಾನು ಕಾಫಿಗೆ ನೀರಿಟ್ಟು ಬರುವುದರೊಳಗೆ ಗುತ್ತಿಗೆ ಗುರುತು ಸಿಕ್ಕಿತ್ತು. ಕೊಪ್ಪೆಯ ಬಣ್ಣದ ಮೇಲೆ, ನಿಂತ ಭಂಗಿಯ ಮೇಲೆ, ಯಾರೋ ಹೇಳಿದರು: ಹಿಂದಿನ ಓಣಿಯ ಮುದುಕಿ, ದೇವಸ್ಥಾನದ ಹತ್ತಿರ ಹೂ ಮಾರುವವಳು. ಅದರ ಕೆಳಗೆ ಒಬ್ಬರು “ಹೂಕಳ್ಳಿ” ಎಂದು ನಗುವ ಮುಖ ಹಾಕಿದ್ದರು. ಅದರ ಕೆಳಗೆ ಇನ್ನೊಬ್ಬರು, ಹೋದ ತಿಂಗಳು ನಮ್ಮ ಬಾವಿಕಟ್ಟೆಯ ಹಿತ್ತಾಳೆ ಚೊಂಬು ಹೋಗಿತ್ತು, ಈಗ ಅರ್ಥವಾಯಿತು ಎಂದು ಬರೆದಿದ್ದರು. ಇದಕ್ಕೆ ನಗುವ ಮುಖ ಇರಲಿಲ್ಲ.

ಪಂಚತಂತ್ರದ ಮುಂಗುಸಿಯ ಕಥೆ ನಾವೆಲ್ಲ ಮಕ್ಕಳಿಗೆ ಹೇಳಿದವರೇ. ನೀರು ತರಲು ಹೋದ ತಾಯಿ ತಿರುಗಿ ಬರುತ್ತಾಳೆ, ಬಾಗಿಲಲ್ಲಿ ಮುಂಗುಸಿ, ಬಾಯಿ ತುಂಬ ರಕ್ತ. ಮಗುವನ್ನು ಕೊಂದಿತೆಂದು ಕೊಡವನ್ನೇ ಅದರ ಮೇಲೆ ಎತ್ತಿಹಾಕುತ್ತಾಳೆ. ಒಳಗೆ ಹೋದರೆ ಮಗು ತೊಟ್ಟಿಲಲ್ಲಿ ನಗುತ್ತಿದೆ, ಪಕ್ಕದಲ್ಲಿ ಹಾವು ತುಂಡಾಗಿ ಬಿದ್ದಿದೆ. ಅವಸರ ಕೂಡದು ಎಂಬ ನೀತಿಗೆ ನಾವು ಇದನ್ನು ಹೇಳುತ್ತೇವೆ. ನನಗೆ ಈಗ ಆ ಕಥೆಯಲ್ಲಿ ಬೇರೆಯದೇ ಕಾಣುತ್ತದೆ. ರಕ್ತ ಸುಳ್ಳಲ್ಲ. ಅವಳ ಕಣ್ಣು ಸರಿಯಾಗಿಯೇ ಕಂಡಿತು. ನಮ್ಮ ಕ್ಯಾಮೆರಾವೂ ಸರಿಯಾಗಿಯೇ ಹೇಳಿತ್ತು: ಮನುಷ್ಯರೊಬ್ಬರು ಇದ್ದಾರೆ. ಇದ್ದರು. ಅಲರ್ಟಿನಲ್ಲಿ ಹುಸಿ ಏನೂ ಇರಲಿಲ್ಲ.

ಮಧ್ಯಾಹ್ನ ನಾನು ಆ ಓಣಿಗೆ ಹೋದೆ. ಅಲ್ಲಿಯವರೆಗೆ ಹತ್ತು ನಿಮಿಷದ ದಾರಿಯೂ ಅಲ್ಲ. ಮೂವತ್ತು ವರ್ಷದಲ್ಲಿ ನಾನು ಆ ಓಣಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಜ್ಜಿ ಬಾಗಿಲಲ್ಲಿ ಕೂತು ಬಾಳೆನಾರು ಸೀಳುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು ಸೆರಗು ಹೊದ್ದುಕೊಂಡರು. ಮೊಮ್ಮಗನ ಫೋನಿನಲ್ಲಿ ಅವರೂ ಚಿತ್ರ ನೋಡಿದ್ದರು.

“ದೊಡ್ಡಮ್ಮೋರು ಹೇಳಿದ್ರು ಟೀಚರಮ್ಮ. ಬೆಳಗಿನ ಹೂ ನೀನು ತಗೋ, ದೇವರಿಗೊಂದು ಹಿಡಿ ಜಗಲಿ ಮೇಲೆ ಇಟ್ಟು ಹೋಗು ಅಂತ. ಅವರು ಹೋದ ಮೇಲೂ ಇಟ್ಟೇ ಹೋಗ್ತಿದ್ದೆ.”

ದೊಡ್ಡಮ್ಮೋರು ಎಂದರೆ ನನ್ನ ಅತ್ತೆ. ಅವರು ಹೋಗಿ ಹನ್ನೊಂದು ವರ್ಷ. ಜಗಲಿಯ ಕಟ್ಟೆಯ ಮೇಲೆ ಬಾಳೆಯೆಲೆಯ ಚೂರಿನಲ್ಲಿ ದಿನಾ ಒಂದು ಹಿಡಿ ಪಾರಿಜಾತ ಇರುತ್ತಿತ್ತು. ಇವರು ವಾಕಿಂಗಿಗೆ ಹೋಗುವಾಗ ಆಯ್ದಿಡುತ್ತಾರೆಂದು ನಾನು ತಿಳಿದಿದ್ದೆ. ನಾನು ಎದ್ದು ಇಡುತ್ತೇನೆಂದು ಇವರು ತಿಳಿದಿದ್ದರು. ಹನ್ನೊಂದು ವರ್ಷ ನಾವಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಆ ಹೂವನ್ನು ದೇವರಿಗೆ ಏರಿಸಿದೆವು.

ಅಜ್ಜಿ ಇನ್ನೊಂದು ಮಾತು ಕೇಳಿದರು: “ನಾ ಹೂ ಹೆಕ್ಕಿದ್ದು ಅಷ್ಟು ದೂರಕ್ಕೂ ಕಾಣಿಸ್ತಾ?” ಸಿಟ್ಟಿನಿಂದ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನಾಳೆಯಿಂದ ಮೊದಲಿನ ಹಾಗೆ ಬನ್ನಿ ಎಂದೆ. “ಆಯ್ತು ತಾಯಿ” ಎಂದರು. ಬರಲಿಲ್ಲ. ಮಗ ನನ್ನಿಂದ ಎಲ್ಲ ಕೇಳಿ ಗುಂಪಿನಲ್ಲಿ ತಪ್ಪಾಯಿತೆಂದು ಉದ್ದಕ್ಕೆ ಬರೆದ. ಚಿತ್ರವನ್ನು ಅಳಿಸಿದ. ಚಿತ್ರ ಅಷ್ಟರಲ್ಲಿ ಎಷ್ಟು ಫೋನುಗಳಿಗೆ ಹೋಗಿತ್ತೋ, ತಪ್ಪೊಪ್ಪಿಗೆ ಮಾತ್ರ ಅಲ್ಲೇ ಉಳಿಯಿತು. ಚೊಂಬು ಸಿಕ್ಕಿತೇ ಎಂದು ನಾನು ಆ ಮನೆಯವರನ್ನು ಕೇಳಿದೆ. “ಅಯ್ಯೋ, ಅದು ಅಟ್ಟದ ಮೇಲಿತ್ತು” ಎಂದರು. ಅದನ್ನು ಯಾರೂ ಗುಂಪಿನಲ್ಲಿ ಬರೆಯಲಿಲ್ಲ.

ಕತ್ತಲಲ್ಲಿ ಹಗ್ಗವನ್ನು ಹಾವೆಂದು ತಿಳಿಯುವ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಬಲು ಪ್ರಿಯ. ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲೇ ಇದೆ, ಶಂಕರರು ಅದನ್ನು ಬೆಳೆಸಿದರು. ಬೆಳಕು ತಂದರೆ ಹಾವು ಮಾಯ, ಹಗ್ಗ ಉಳಿಯುತ್ತದೆ, ಭ್ರಮೆ ಕಳೆಯಿತು. ನನ್ನ ಅಮ್ಮ ವೇದಾಂತ ಓದಿದವರಲ್ಲ, ಸೌದೆಕೊಟ್ಟಿಗೆಯಲ್ಲಿ ಕೈ ಹಾಕಿ ಜೀವನ ಸವೆಸಿದವರು. “ಹತ್ತು ಹಗ್ಗಕ್ಕೆ ಹೆದರಿದರೆ ಏನೂ ಹೋಗುವುದಿಲ್ಲ ಕಣೇ, ಒಂದು ಕೊಳಕುಮಂಡಲವನ್ನು ಹಗ್ಗ ಅಂದುಕೊಂಡರೆ ಹೋಯಿತು” ಎನ್ನುತ್ತಿದ್ದರು. ಅಮ್ಮನ ಲೆಕ್ಕ ತಪ್ಪಲ್ಲ. ಆದರೆ ಹಗ್ಗಕ್ಕೆ ಮನಸ್ಸಿಲ್ಲ. ನೀನು ಹಾವು ಎಂದು ಕೂಗಿದರೆ ಅದು ನೊಂದುಕೊಂಡು ಮರುದಿನದಿಂದ ಬರುವುದನ್ನು ಬಿಡುವುದಿಲ್ಲ. ಹುಳ, ಮಳೆ, ಸೀರೆ ಇವುಗಳ ವಿಷಯದಲ್ಲಿ ಹೋಗುವುದು ನಮ್ಮ ನಿದ್ದೆ ಮಾತ್ರ. ಮನುಷ್ಯರ ವಿಷಯಕ್ಕೆ ಬಂದಾಗ ಹುಸಿ ಎಚ್ಚರಿಕೆಯ ಬೆಲೆ ತೆರುವವರು ನಾವಲ್ಲ, ಇನ್ನೊಬ್ಬರು. ಜಾಗ್ರತೆ ಒಳ್ಳೆಯದು ಎನ್ನುವಾಗ ನಾವು ಯಾರ ಖರ್ಚಿನಲ್ಲಿ ಜಾಗ್ರತೆಯಾಗಿದ್ದೇವೆ ಎಂಬುದನ್ನು ಕೇಳಿಕೊಳ್ಳುವುದಿಲ್ಲ.

ಇದನ್ನು ಹೆಂಗಸರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಮೆರಾ ಬರುವುದಕ್ಕೆ ಎಷ್ಟೋ ಮೊದಲು ನಮ್ಮ ಬೀದಿಗಳಲ್ಲಿ ಜಗಲಿಗೊಂದು ಕ್ಯಾಮೆರಾ ಇತ್ತು. ಯಾವ ಮನೆಯ ಹುಡುಗಿ ಎಷ್ಟು ಹೊತ್ತಿಗೆ ಬಂದಳು, ಯಾರ ಜೊತೆ ಬಸ್‌ಸ್ಟಾಂಡಿನಲ್ಲಿ ನಿಂತಿದ್ದಳು, ಎಲ್ಲ ದಾಖಲಾಗುತ್ತಿತ್ತು. ಕಾಲೇಜಿನ ಪ್ರಾಕ್ಟಿಕಲ್ಸ್ ಮುಗಿಸಿ ಕತ್ತಲಾದ ಮೇಲೆ ಬಂದ ಒಂದು ದಿನ ನಾನೂ ಒಬ್ಬರ ಕಣ್ಣಿನಲ್ಲಿ ಅಲರ್ಟು ಆಗಿದ್ದೆ. ಅಪ್ಪ ಒಂದು ವಾರ ಮಾತಾಡಲಿಲ್ಲ. ಇಷ್ಟೆಲ್ಲ ಉಂಡವಳು ನಾನೇ, ಕೆಲಸಕ್ಕೆ ಬರುವಾಕೆಯನ್ನು ಹೋದ ವರ್ಷ “ಎಂಟೂಇಪ್ಪತ್ತಕ್ಕೆ ಬಂದೆಯಲ್ಲ ಇವತ್ತು?” ಎಂದು ಕೇಳಿದೆ. ಗಡಿಯಾರ ನೋಡಿ ಕೇಳಿದ್ದಲ್ಲ, ಫೋನು ನೋಡಿ ಕೇಳಿದ್ದು. ಅವಳು ತಲೆ ಎತ್ತಿ ಮಾಡಿನ ಕೆಳಗಿನ ಆ ಕಪ್ಪು ಕಣ್ಣನ್ನು ಒಮ್ಮೆ ನೋಡಿದಳು. ಅವತ್ತಿನಿಂದ ಹಿಂದಿನ ಬಾಗಿಲಿನಿಂದ ಬರುತ್ತಾಳೆ. ಅಲ್ಲಿಯೂ ಒಂದಿದೆಯೆಂದು ಅವಳಿಗೆ ಗೊತ್ತಿಲ್ಲದಿರಲಿಕ್ಕಿಲ್ಲ.

ಅಜ್ಜಿಯ ವಿಷಯವಾದ ಮೇಲೆ ನನಗೆ ಆ ಕಿಣಿಕಿಣಿಯೇ ಬೇಡವಾಯಿತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅಲರ್ಟು ಬರದ ಹಾಗೆ ಮಾಡಿಬಿಟ್ಟೆ. ಮಗನ ಫೋನಿನಲ್ಲೂ ತೆಗೆಸಿದೆ. ಚಿತ್ರ ಒಳಗಿನ ಕಾರ್ಡಿನಲ್ಲಿ ತುಂಬುತ್ತಿರಲಿ, ಬೇಕಾದರೆ ಆಮೇಲೆ ನೋಡೋಣ ಎಂದೆ. ನಿಜ ಹೇಳಬೇಕೆಂದರೆ ಆ ಚಳಿಗಾಲ, ಆ ಬೇಸಿಗೆ ನಾವು ಚೆನ್ನಾಗಿ ನಿದ್ದೆ ಮಾಡಿದೆವು.

2025ರ ಜುಲೈ. ಆಷಾಢದ ಮಳೆ ಹೇಗಿರುತ್ತದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹಂಚಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಒಂದು ಬೆಳಗ್ಗೆ ಎದ್ದಾಗ ಎದುರುಮನೆಗೆ ಬೀಗ. ಹಾಲಿನವನು ಹೇಳಿದ: ರಾತ್ರಿ ಅಣ್ಣನಿಗೆ ಎದೆನೋವು ಬಂದು ಮೂಲೆಮನೆಯವರು ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರಂತೆ. ನನಗೆ ಮೊದಲು ಬಂದದ್ದು ಬೇಸರ. ನಮ್ಮ ಮನೆ ಎದುರಿಗೇ ಇದೆ, ಇವರಿಗೆ ಕಾರು ಓಡಿಸಲು ಬರುತ್ತದೆ, ನಮ್ಮನ್ನು ಕರೆಯಬಾರದಿತ್ತೇ ಎಂದು. ಇಪ್ಪತ್ತು ವರ್ಷದ ನಂಟಿಗೆ ಇಷ್ಟೇನಾ ಎಂದು ಇವರ ಹತ್ತಿರ ಅಂದೆ ಕೂಡ.

ಆಮೇಲೆ ಏನೋ ಹೊಳೆದು ಕಾರ್ಡಿನಲ್ಲಿದ್ದದ್ದನ್ನು ತೆಗೆದು ನೋಡಿದೆ. ಎರಡು ಗಂಟೆ ಮೂವತ್ತೊಂದು ನಿಮಿಷ. ಅಕ್ಕ ಕೊಡೆ ಹಿಡಿದು ನಮ್ಮ ಗೇಟಿನ ಹೊರಗೆ ನಿಂತಿದ್ದಾರೆ. ಗೇಟಿಗೆ ನಾವು ರಾತ್ರಿ ಬೀಗ ಹಾಕುತ್ತೇವೆ. ಅಜ್ಜಿ ಬರುವುದು ನಿಂತ ಮೇಲೆ ಶುರುವಾದ ಅಭ್ಯಾಸ ಅದು. ಅಕ್ಕ ಗೇಟನ್ನು ಅಲ್ಲಾಡಿಸುತ್ತಾರೆ. ಬಾಯಿ ತೆರೆದು ಕೂಗುತ್ತಾರೆ, ಕೇಳಿಸುವುದು ಮಳೆ ಮಾತ್ರ. ಒಮ್ಮೆ ತಿರುಗಿ ತಮ್ಮ ಮನೆಯ ಕಡೆ ನೋಡುತ್ತಾರೆ. ಮತ್ತೆ ಕೂಗುತ್ತಾರೆ. ಕೊಡೆಯ ತುದಿಯಿಂದ ಗೇಟಿನ ಸರಳನ್ನು ಬಡಿಯುತ್ತಾರೆ. ಫೋನು ಮಾಡಿದ್ದರೆ? ಮಾಡಿದ್ದರು, ನನ್ನ ಫೋನಿನಲ್ಲಿ ಎರಡು ಮಿಸ್ಡ್ ಕಾಲ್ ಇತ್ತು, ರಾತ್ರಿ ಸದ್ದು ಬೇಡವೆಂದು ಅದನ್ನೂ ನಾನೇ ಮೌನಕ್ಕೆ ಹಾಕಿ ಮಲಗುವವಳು. ಎರಡು ಗಂಟೆ ಮೂವತ್ತೈದಕ್ಕೆ ಅವರು ಹೊರಟುಹೋಗುತ್ತಾರೆ. ನಾಲ್ಕು ನಿಮಿಷ. ಚಿತ್ರದ ಮೂಲೆಯಲ್ಲಿ “ಮನುಷ್ಯರು” ಎಂದು ಯಂತ್ರ ಗುರುತು ಹಾಕಿದೆ. ಅದು ಗುರುತಿಸಿತ್ತು. ಹೇಳಬೇಡವೆಂದು ಹೇಳಿಟ್ಟಿದ್ದು ನಾನು.

ಅಣ್ಣ ಎಂಟು ದಿನದ ಮೇಲೆ ಮನೆಗೆ ಬಂದರು. ಈಗ ಚೆನ್ನಾಗಿದ್ದಾರೆ. ನಾನು ಗಂಜಿಗೆ ಕೆಂಪಕ್ಕಿ ತೆಗೆದುಕೊಂಡು ನೋಡಲು ಹೋದಾಗ ಅಕ್ಕ ನಡೆದದ್ದೆಲ್ಲ ಹೇಳಿದರು. ನಮ್ಮ ಗೇಟಿಗೆ ಬಂದದ್ದನ್ನು ಮಾತ್ರ ಬಿಟ್ಟು ಹೇಳಿದರು. ನನಗೆ ನೋವಾಗಬಾರದೆಂದು ಬಿಟ್ಟರು. ನಾನು ನೋಡಿದ್ದೇನೆಂದು ಅವರಿಗೆ ಗೊತ್ತಿಲ್ಲ. ಎಷ್ಟೋ ದಿನ ನಾನೂ ಹೇಳಲಿಲ್ಲ. ಹೇಳಿದರೆ ಅವರ ದೊಡ್ಡತನವನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಅವರ ಆ ನಾಲ್ಕು ನಿಮಿಷವನ್ನು ಕದ್ದು ನೋಡಿ ಬಚ್ಚಿಟ್ಟುಕೊಂಡ ಹಾಗೆ. ದಸರೆಯ ಬೊಂಬೆ ನೋಡಲು ಬಂದಾಗ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಳೆ ಜೋರಿತ್ತು ಬಿಡಿ” ಎಂದು ಕೋಸಂಬರಿಗೆ ಉಪ್ಪು ಕಡಿಮೆಯಾಗಿದೆ ಎಂದರು.

ಈ ಎರಡು ತಪ್ಪುಗಳ ಬಗ್ಗೆ, ಇಲ್ಲದ್ದನ್ನು ಇದೆಯೆಂದು ಕೂಗುವುದು ಮತ್ತು ಇದ್ದದ್ದನ್ನು ಬಿಟ್ಟುಬಿಡುವುದು, ವಿಜ್ಞಾನದಲ್ಲಿ ಒಂದು ಶಾಸ್ತ್ರವೇ ಇದೆ. ರೇಡಾರಿನ ತೆರೆಯ ಮೇಲೆ ಕಂಡ ಚುಕ್ಕೆ ವಿಮಾನವೋ ಬರಿಯ ಗದ್ದಲವೋ ಎಂಬ ಪ್ರಶ್ನೆಯಿಂದ ಬೆಳೆದ ಶಾಸ್ತ್ರ. 1966ರಲ್ಲಿ ಗ್ರೀನ್ ಮತ್ತು ಸ್ವೆಟ್ಸ್ ಎಂಬಿಬ್ಬರು ಅದನ್ನು ಮನುಷ್ಯರ ಕಣ್ಣು ಕಿವಿಗಳಿಗೂ ಅನ್ವಯಿಸಿ ದೊಡ್ಡ ಪುಸ್ತಕ ಬರೆದರು. ಅದರ ತಿರುಳು ನಮ್ಮ ಅಡುಗೆಮನೆಗೆ ಅರ್ಥವಾಗುವಂಥದೇ. ಒಂದೇ ತಿರುಗಣಿ. ಆ ಕಡೆ ತಿರುಗಿಸಿದರೆ ಹುಸಿ ಕೂಗು ಕಡಿಮೆ, ಆದರೆ ನಿಜವಾದದ್ದೂ ತಪ್ಪಿಹೋಗುತ್ತದೆ. ಈ ಕಡೆ ತಿರುಗಿಸಿದರೆ ಯಾವುದೂ ತಪ್ಪುವುದಿಲ್ಲ, ಕೂಗಿಗೆ ಕೊನೆಯಿಲ್ಲ. ಎರಡನ್ನೂ ಒಟ್ಟಿಗೆ ಕಡಿಮೆ ಮಾಡಬೇಕೆಂದರೆ ತಿರುಗಣಿಯಿಂದ ಆಗುವುದಿಲ್ಲ. ನೋಡುವ ಕಣ್ಣು ಹೆಚ್ಚು ತಿಳಿದಿರಬೇಕು. ನಾವು ಜೇಡರಬಲೆ ತೆಗೆದದ್ದು, ಬಲ್ಬು ಹಾಕಿದ್ದು ಆ ಎರಡನೆಯ ದಾರಿ. ಅಲರ್ಟನ್ನು ಬಾಯಿ ಮುಚ್ಚಿಸಿದ್ದು ಬರಿಯ ತಿರುಗಣಿ.

ಸೋವಿಯೆತ್ ದೇಶದಲ್ಲಿ ಸ್ತಾನಿಸ್ಲಾವ್ ಪೆತ್ರೋವ್ ಎಂಬ ಒಬ್ಬ ಅಧಿಕಾರಿ ಇದ್ದರು. 1983ರ ಸೆಪ್ಟೆಂಬರ್ 26ರ ನಡುರಾತ್ರಿ ಮಾಸ್ಕೋ ಹತ್ತಿರದ ನೆಲಮಾಳಿಗೆಯಲ್ಲಿ ಅವರ ಪಾಳಿ. ಉಪಗ್ರಹ ಕೂಗಿಕೊಂಡಿತು: ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ. ಆಮೇಲೆ ಇನ್ನೂ ನಾಲ್ಕು. ಯುದ್ಧ ಶುರು ಮಾಡುವವರು ಐದೇ ಐದು ಕ್ಷಿಪಣಿ ಬಿಡುತ್ತಾರೆಯೇ ಎಂದು ಯೋಚಿಸಿ, ಇದು ಹುಸಿ ಎಂದು ಅವರು ಮೇಲಿನವರಿಗೆ ವರದಿ ಮಾಡಿದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಬೆಂಕಿಯೆಂದು ಓದಿತ್ತು ಎಂಬುದು ಆಮೇಲೆ ತಿಳಿಯಿತು. ಈ ಕಥೆ ಕೇಳಿದವರೆಲ್ಲ ಅವರ ಧೈರ್ಯವನ್ನು ಹೊಗಳುತ್ತಾರೆ. ನನಗೆ ಹಿಡಿಸಿದ್ದು ಆ ಪ್ರಶ್ನೆ. ಯಂತ್ರಕ್ಕೆ ಐದು ಎಂಬ ಲೆಕ್ಕ ಗೊತ್ತಿತ್ತು, ಯುದ್ಧ ಮಾಡುವ ಮನುಷ್ಯರು ಹೇಗೆಂದು ಗೊತ್ತಿದ್ದದ್ದು ಪೆತ್ರೋವ್‌ಗೆ.

ನಮ್ಮ ಅತ್ತೆಗೂ ಗೊತ್ತಿತ್ತು. ಅವರು ನಾಲ್ಕೂವರೆಗೆ ಎದ್ದು ಜಗಲಿಯಲ್ಲಿ ಕೂರುತ್ತಿದ್ದರು. ಗೇಟಿಗೆ ಆಗ ಬೀಗವೇ ಇರಲಿಲ್ಲ. ಯಾರ ಚಪ್ಪಲಿ ಸದ್ದು ಯಾವುದೆಂದು ಅವರಿಗೆ ಕೂತಲ್ಲೇ ತಿಳಿಯುತ್ತಿತ್ತು. ಆಗ ಮನೆಯಲ್ಲಿದ್ದ ನಾಯಿಯೂ ಹಾಗೆಯೇ. ಹಾಲಿನವನಿಗೆ ಬೊಗಳುತ್ತಿರಲಿಲ್ಲ, ಹೂವಿನಜ್ಜಿಗೆ ಬೊಗಳುತ್ತಿರಲಿಲ್ಲ, ಇವರ ಅಣ್ಣ ಬಂದರೆ ಮಾತ್ರ ಬೊಗಳುತ್ತಿತ್ತು, ಅದಕ್ಕೆ ಅದರದೇ ಕಾರಣಗಳಿದ್ದಿರಬೇಕು. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಅತ್ತೆಯ ಅದೇ ಕಣ್ಣು ನನ್ನ ಮೇಲೂ ಇರುತ್ತಿತ್ತು, ಅದರ ಬಿಸಿ ಎಷ್ಟೆಂದು ನನಗೆ ಗೊತ್ತು. ಆದರೂ ಅವರು ಅಜ್ಜಿಯನ್ನು ನೋಡಿದ್ದರು, ಮಾತಾಡಿಸಿದ್ದರು, ಒಂದು ಕರಾರು ಮಾಡಿಕೊಂಡಿದ್ದರು. ನಾನು ಮೂವತ್ತು ವರ್ಷ ಅದೇ ಮನೆಯಲ್ಲಿದ್ದು ನೋಡಿರಲಿಲ್ಲ.

ಮಗ ಈಗ ಹೊಸದೊಂದು ಹೇಳುತ್ತಾನೆ. ಪರಿಚಿತರ ಮುಖಗಳನ್ನು ತುಂಬಿಸಿಡಬಹುದಂತೆ. ಅಕ್ಕನ ಮುಖ, ಹಾಲಿನವನ ಮುಖ, ಕೆಲಸದಾಕೆಯ ಮುಖ, ಅಜ್ಜಿಯ ಮುಖ. ಅವರು ಬಂದರೆ ಇಂಥವರು ಬಂದಿದ್ದಾರೆ ಎಂದು ಹೆಸರು ಹಿಡಿದು ಹೇಳುತ್ತದೆ. ಅವನ ಉದ್ದೇಶ ಒಳ್ಳೆಯದೇ. ಆದರೆ ಯೋಚಿಸಿ: ಅಜ್ಜಿ ಕಳ್ಳಿಯಲ್ಲವೆಂದು ಯಂತ್ರಕ್ಕೆ ತಿಳಿಯಲು ನಾನು ಅಜ್ಜಿಯ ಮುಖವನ್ನು ತೆಗೆದು, ಎಲ್ಲೋ ಯಾವುದೋ ದೇಶದ ಪೆಟ್ಟಿಗೆಯಲ್ಲಿ ಇಡಬೇಕು. ಕೇಳಿ ತೆಗೆಯಬೇಕೇ, ಕೇಳದೆ ತೆಗೆಯಬೇಕೇ? ಕೇಳುವುದಾದರೆ ಏನೆಂದು ಕೇಳಲಿ? “ಅಜ್ಜಿ, ನಿಮ್ಮನ್ನು ಕಳ್ಳಿ ಅಂದುಕೊಳ್ಳದೇ ಇರಲಿಕ್ಕೆ ಒಂದು ಫೋಟೋ ಕೊಡಿ” ಎಂದೇ? ಬೇಡ ಎಂದೆ. ಅವನು ಒಪ್ಪಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ.

ಕ್ಯಾಮೆರಾವನ್ನು ತೆಗೆಸಿಲ್ಲ. ತೆಗೆಸಿದ್ದೇನೆಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಸುಳ್ಳಾಗುತ್ತದೆ. ಇವರಿಗೂ ವಯಸ್ಸಾಯಿತು, ಮಗನ ನಿದ್ದೆಯ ಪ್ರಶ್ನೆಯೂ ಇದೆ. ರಾತ್ರಿಯ ಅಲರ್ಟನ್ನು ಮತ್ತೆ ಹಾಕಿದ್ದೇನೆ, ನನ್ನ ಫೋನಿಗೆ ಮಾತ್ರ. ಚಿತ್ರವನ್ನು ಯಾರಿಗೂ ಕಳಿಸಬಾರದೆಂದು ಮಗನಿಂದ ಮಾತು ತೆಗೆದುಕೊಂಡಿದ್ದೇನೆ. ಅಕ್ಕನ ಫೋನು ಬಂದರೆ ಯಾವ ಹೊತ್ತಿನಲ್ಲೂ ಸದ್ದಾಗುವ ಹಾಗೆ ಮಾಡಿಸಿದ್ದೇನೆ. ಗೇಟಿನ ಕಂಬಕ್ಕೆ ಒಂದು ಹಿತ್ತಾಳೆಯ ಗಂಟೆ ಕಟ್ಟಿಸಿ, ಅದರ ಹಗ್ಗವನ್ನು ಹೊರಗಡೆಗೆ ಬಿಟ್ಟಿದ್ದೇನೆ. ಶಾಲೆಯಿಂದ ಬರುವ ಹುಡುಗರು ದಿನಾ ಸಂಜೆ ನಾಲ್ಕೂವರೆಗೆ ಅದನ್ನು ಎಳೆದು ಓಡುತ್ತಾರೆ. ಇವರು ಪ್ರತಿ ಸಲವೂ ಎದ್ದು ಹೋಗಿ ನೋಡುತ್ತಾರೆ. ಬೀಗ ಹಾಕುವುದನ್ನು ಬಿಡೋಣ ಎಂದರೆ ಮಾತ್ರ ಇವರು ಇನ್ನೂ ಒಪ್ಪಿಲ್ಲ.

2025ರ ಚೌತಿ ಕಳೆದು ಪಾರಿಜಾತ ಮತ್ತೆ ಬಿಡಲು ಶುರುವಾದಾಗ ಒಂದು ಬುಟ್ಟಿ ಕೊಂಡೆ. ಮರದ ಅರ್ಧ ಕೊಂಬೆ ರಸ್ತೆಯ ಕಡೆಗೇ ಚಾಚಿದೆ. ರಾತ್ರಿ ಮಲಗುವ ಮುಂಚೆ ಬುಟ್ಟಿಯನ್ನು ಗೇಟಿನ ಹೊರಗೆ, ಆ ಕೊಂಬೆಯ ಕೆಳಗೆ ಇಟ್ಟು, ಸುತ್ತ ಹಳೆಯ ಪಂಚೆಯೊಂದನ್ನು ಹಾಸಿ ಬರುತ್ತಿದ್ದೆ. ಓಣಿಗೆ ಹೋಗಿ ಅಜ್ಜಿಗೆ ಹೇಳಿಯೂ ಬಂದಿದ್ದೆ. ಕೆಲವು ದಿನ ಬೆಳಗ್ಗೆ ಪಂಚೆಯ ಮೇಲೆ ಒಂದು ಹೂವೂ ಇರುತ್ತಿರಲಿಲ್ಲ. ಕೆಲವು ದಿನ ಹೂವೆಲ್ಲ ಹಾಗೆಯೇ ಬಾಡಿಕೊಂಡು ಬಿದ್ದಿರುತ್ತಿತ್ತು; ಒಂದು ದಿನ ಪಂಚೆಯನ್ನೇ ದನ ಅಗಿದಿತ್ತು. ಜಗಲಿಯ ಮೇಲೆ ಬಾಳೆಯೆಲೆಯ ಚೂರು ಮಾತ್ರ ಮತ್ತೆ ಕಾಣಲಿಲ್ಲ, ಗೇಟಿಗೆ ಬೀಗವಿದೆಯಲ್ಲ. ಬುಟ್ಟಿ ಇಡುವ ಜಾಗ ನಾನು ಬೆರಳಿನಿಂದ ಎಳೆದ ಚೌಕದ ಹೊರಗಿದೆ. ಯಾರು ಬರುತ್ತಾರೆ, ಬರುತ್ತಾರೋ ಇಲ್ಲವೋ ಎಂದು ಮಗ ಕೇಳಿದ. ಚೌಕವನ್ನು ಒಂದಿಷ್ಟು ದೊಡ್ಡದು ಮಾಡಿದರೆ ತಿಳಿಯುತ್ತದೆ ಅಮ್ಮಾ ಎಂದ. ಹೌದು, ತಿಳಿಯುತ್ತದೆ ಎಂದು ನಾನೂ ಅಂದೆ, ಮತ್ತೆ ಸೊಸೆಗೆ ಫೋನು ಕೊಡು, ಚಟ್ನಿಪುಡಿ ತಲುಪಿತೋ ಕೇಳಬೇಕು ಎಂದೆ.